ಕಿಡಕಿಯಲ್ಲಿ ಉಳಿದಿದ್ದ ಮಾತು

ನನ್ನ ಅಣ್ಣನಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಅವನು ಬರೆದ ಕಂಪ್ಯೂಟರ್ ಸ್ಕ್ರಿಪ್ಟಿಗೂ ಗೊತ್ತಿರಲಿಲ್ಲ.

ಶಹಾಪುರದ ಹತ್ತಿರ ಒಂದು ಕಾಲುವೆ ಕಚೇರಿಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ಬೆಳಿಗ್ಗೆ ಒಂದೊಂದೇ ತೂಬಿನಿಂದ ನೀರಿನ ಮಟ್ಟ ಫೋನಿನಲ್ಲಿ ಬರುತ್ತಿತ್ತು. ನಾನು ಅದನ್ನು ಕಂಪ್ಯೂಟರಿಗೆ ಹಾಕುತ್ತಿದ್ದೆ. ಅಣ್ಣನ ಸ್ಕ್ರಿಪ್ಟ್ ಅವನ್ನೆಲ್ಲ ಕೂಡಿಸಿ ಯಾವ ಊರಿಗೆ ಎಷ್ಟು ನೀರು ಮುಟ್ಟಿತು ಎಂದು ತೆಗೆಯುತ್ತಿತ್ತು. ತೆಗೆಯುವಾಗ ಬಾಯಿ ಮುಚ್ಚಿಕೊಂಡಿರಬಾರದೆ? ಹೆಜ್ಜೆಗೊಂದು ಮಾತು, ಆ ಮಾತು ಪರದೆಗೆ ಬಂದು ನನ್ನ ಅಂಕಿಗಳ ಮೇಲೆಯೇ ಕೂರುತ್ತಿತ್ತು. ಒಂದನ್ನು ಒತ್ತಿ ಕಳಿಸಿದರೆ ಇನ್ನೊಂದು. ಒಂದು ದಿನ ನನ್ನ ತಲೆ ಕೆಟ್ಟಿತು.

"ಏ ಅಣ್ಣಾ, ನಿನ್ನ ಮಾತಿಗೆ ಬ್ಯಾರೆ ಜಾಗ ಮಾಡ್ಕೋ. ನನ್ನ ಕೆಲಸದ ಮ್ಯಾಲೆ ಬಂದು ಕುಂದರಬ್ಯಾಡ."

ಅವನು ನಕ್ಕ. ಮರುದಿನ ಪರದೆಯ ಬಲಗಡೆ ಉದ್ದನೆಯ ಒಂದು ಕಿಟಕಿ ಬಂದಿತ್ತು. ಸ್ಕ್ರಿಪ್ಟಿನ ಮಾತೆಲ್ಲ ಇನ್ನು ಅಲ್ಲಿಯೇ, ಒಂದರ ಕೆಳಗೊಂದು. ಸಾಹೇಬರು ಅದಕ್ಕೆ ಲಾಗ್ ವಿಂಡೋ ಎನ್ನುತ್ತಿದ್ದರು, ನಾವು ಕಿಡಕಿ ಎಂದೆವು.

ಇಂಗ್ಲಿಷಿನಲ್ಲಿ ಬರೆದರೆ ಕಂಪ್ಯೂಟರ್ ಬೈದ ಹಾಗಿರುತ್ತದೆ ಎಂದು ಅವನು ಎಲ್ಲವನ್ನೂ ಮನೆಯ ಮಾತಿನಲ್ಲೇ ಬರೆದಿದ್ದ. ಶುರುವಿಗೆ, "ತಡೀರಿ, ಎಣಸಾಕತ್ತೇನಿ." ಯಾವುದಾದರೂ ತೂಬಿನ ಅಂಕಿ ಬರದಿದ್ದರೆ, "ಇವರು ಇನ್ನಾ ಎದ್ದಿಲ್ಲ ಕಾಣಸ್ತದ." ಆಗಲಾರದ ಅಂಕಿ ಹಾಕಿದರೆ, "ತಂಗೀ, ತಳಕ್ಕಿಂತ ಕೆಳಗ ನೀರು ಹೆಂಗ ಹರೀತಾವ? ನೋಡಿ ಹಾಕು." ಕೊನೆಗೆ, "ಮುಗೀತು. ಚಹಾ ಕುಡೀರಿ."

ನಮ್ಮ ತವರೂರು ವಡಗೇರಾ ಕಡೆ, ಕಾಲುವೆಯ ಬಾಲದಲ್ಲಿದೆ. ಮೇಲೆ ಹುಣಸಗಿ ಸೀಮೆಯಲ್ಲಿ ಕಣ್ಣು ಹಾಯಿಸಿದಷ್ಟೂ ಭತ್ತ. ಅವರೆಲ್ಲ ಕುಡಿದು ಉಳಿದದ್ದು ನಮ್ಮ ಊರಿಗೆ, ಉಳಿದರೆ. ನಮ್ಮೂರ ತೂಬು ತುಂಬಿದ್ದನ್ನು ಕಂಡವರೇ ಇರಲಿಲ್ಲ. ಅಣ್ಣ ಒಮ್ಮೆ ಹೇಳಿದ, "ನಮ್ಮೂರ ತೂಬು ತುಂಬಿದ ದಿನಕ್ಕಂತ ಒಂದು ಮಾತು ಬರದಿಟ್ಟೀನಿ."

"ಏನದು?"

"ತುಂಬಿದ ದಿನ ಓದು."

"ಹಂಗಾದ್ರ ನಾ ಸತ್ತ ಮ್ಯಾಲೆ ಓದ್ತೀನಿ, ಬಿಡು" ಎಂದೆ.

ಸತ್ತವನು ಅವನು. ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ಬಂತು, ಜ್ವರ ಅವನನ್ನು ಬಿಡಲಿಲ್ಲ. ಮಣ್ಣು ಕೊಟ್ಟು, ದಿನಗಳನ್ನು ಮಾಡಿ ಮುಗಿಸಿ, ಕಚೇರಿಗೆ ಬಂದು ಅಂಕಿ ಹಾಕಿದೆ. ಬಲಗಡೆ ಕಿಡಕಿ ತೆರೆಯಿತು.

"ತಡೀರಿ, ಎಣಸಾಕತ್ತೇನಿ."

ಕುರ್ಚಿ ಹಿಂದಕ್ಕೆ ಸರಿಸಿದೆ. ಆಮೇಲೆ ಸಿಟ್ಟು ಬಂತು. ಸತ್ತವನು ಎಣಿಸುವುದೇನು? ಪರದೆಯ ಆ ಬದಿಗೆ ಕರ್ಚೀಪು ಇಳಿಬಿಟ್ಟು ಕೆಲಸ ಮಾಡಿದೆ. ನಾಲ್ಕು ದಿನ ಹಾಗೆ ನಡೆಯಿತು. ಆಮೇಲೆ ನಾನೇ ಕರ್ಚೀಪು ತೆಗೆದೆ, ಬೇಕೆಂದೇ ತಪ್ಪು ಅಂಕಿ ಹಾಕತೊಡಗಿದೆ. "ತಂಗೀ" ಎಂದು ಅವನು ಬೈಯುತ್ತಿದ್ದ, ನಾನು ತಿದ್ದುತ್ತಿದ್ದೆ. ಅವನ ಬೈಗುಳವೆಲ್ಲ ನನಗೆ ಬಾಯಿಪಾಠವಾಯಿತು. ಕೇಳದೆ ಉಳಿದದ್ದು ನಮ್ಮೂರ ತೂಬಿನ ಆ ಒಂದೇ ಮಾತು.

ನನ್ನನ್ನು ಕೊಟ್ಟದ್ದು ಸುರಪುರಕ್ಕೆ. ನಮ್ಮಲ್ಲಿ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತಾವಾಗಿ ತವರಿಗೆ ಹೋಗುವುದಿಲ್ಲ, ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು. ಪ್ರತಿ ಶ್ರಾವಣದಲ್ಲೂ ಅವನು ನಮ್ಮ ಬಾಗಿಲಿಗೆ ಬಂದು "ಕರ್ಯಾಕ ಬಂದೀನಿ, ನಡಿ" ಎನ್ನುತ್ತಿದ್ದ. ತವರಿನ ಬಾಗಿಲಲ್ಲಿ ಅಣ್ಣನ ಹೆಂಡತಿ, ನನ್ನ ವೈನಿ, ಕಾಲಿಗೆಂದು ಎರಡು ಚರಿಗೆ ನೀರು ತರುತ್ತಿದ್ದಳು. ಕರೆಸಿಕೊಂಡು ಬಂದವಳಿಗೊಂದು, ಕರೆದುಕೊಂಡು ಬಂದವನಿಗೊಂದು. ಅವನು ಹೋದ ಮರುವರ್ಷ ವೈನಿ ಫೋನು ಮಾಡಿ "ಬಾರವ್ವಾ" ಎಂದಳು. ಕೆಲಸ ಬಹಳ ಇದೆ ಎಂದೆ. ಫೋನಿನ ಕರೆ ಕರೆಯಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಹಬ್ಬದ ದಿನ ಅವಳು ಒಬ್ಬಳೇ ಉಂಡಿ ಕಟ್ಟಿದಳಂತೆ.

ಅದರ ಮುಂದಿನ ವರ್ಷ ಹೊಸ ಪ್ರೋಗ್ರಾಂ ಹಾಕಲು ಕಲಬುರಗಿಯಿಂದ ಒಬ್ಬರು ಬಂದರು. ಶ್ರಾವಣ ಮುಗಿದರೆ ಹಳೆಯದನ್ನು ತೆಗೆಯುವುದು ಎಂದಾಯಿತು. ಕಿಡಕಿಯನ್ನೇ ನೋಡುತ್ತ ಕೂತ ನನ್ನನ್ನು ಕಂಡು ಅವರಿಗೆ ಏನನ್ನಿಸಿತೋ, "ಇದರೊಳಗ ಏನೇನು ಮಾತು ಬರದಾರ, ಫೈಲ್ ತಗದು ತೋರಸ್ಲೇನ್ರಿ?" ಎಂದರು.

"ಬ್ಯಾಡ್ರಿ" ಎಂದೆ. ಬಲು ಒರಟಾಗಿಯೇ ಎಂದೆ, ಪಾಪ.

ಫೈಲೂ ಬೇಕಿರಲಿಲ್ಲ. ನಮ್ಮೂರ ತೂಬಿನ ಎದುರು ಒಂದು ಸುಳ್ಳು ಅಂಕಿ ಒತ್ತಿದ್ದರೆ ಸಾಕಿತ್ತು. ಎಷ್ಟೋ ಸಲ ಬೆರಳು ಅಲ್ಲಿಗೆ ಹೋಗಿ ಬಂದಿದೆ. ಉಳಿದ ತೂಬುಗಳಿಗೆ ಸುಳ್ಳು ಹಾಕಿದವಳಿಗೆ ಇಲ್ಲಿ ಮಾತ್ರ ಕೈ ಬರಲಿಲ್ಲ. ಬರದ ನೀರನ್ನು ಬಂತು ಎಂದು ಹೇಳಿ ಅವನಿಂದ ಮಾತು ಕಿತ್ತುಕೊಳ್ಳುವುದೇ? ಹಾಗೆಂದು ಅದನ್ನು ಕೇಳದೆಯೇ ಅವನನ್ನು ಕಳಿಸಿಕೊಡುವುದು ಹೇಗೆ?

ಶ್ರಾವಣ ಬಂತು. ಮೇಲಿನ ಸೀಮೆಯಲ್ಲಿ ಮಳೆ ಹಿಡಿದು ಬಿಡಲಿಲ್ಲ. ಗದ್ದೆಗಳು ತಾವೇ ತುಂಬಿಕೊಂಡು, ಅಲ್ಲಿಯವರು ತೂಬು ಮುಚ್ಚಿಬಿಟ್ಟರು. ಪಂಚಮಿ ಬಾಗಿಲಿಗೆ ಬಂದಿದ್ದಾಗ, ಒಂದು ಬೆಳಿಗ್ಗೆ ನಮ್ಮೂರ ತೂಬಿನವನ ಫೋನು.

"ಅಕ್ಕಾರ, ತುಂಬ್ಯಾದ್ರಿ! ಕಟ್ಟಿ ಮಟ ನೀರು!"

"ಇನ್ನೊಮ್ಮೆ ನೋಡಿ ಹೇಳಪಾ."

"ಎಷ್ಟು ಸಲ ನೋಡ್ಲಿರಿ? ನೀರಾಗೇ ನಿಂತೀನಿ."

ಅಂಕಿ ಹಾಕಿದೆ. ಅವಸರದಲ್ಲಿ ಒಮ್ಮೆ ತಪ್ಪಾಯಿತು, ಬೈಸಿಕೊಂಡೆ, ತಿದ್ದಿದೆ.

"ತಡೀರಿ, ಎಣಸಾಕತ್ತೇನಿ."

ಆಮೇಲೆ ಅದರ ಕೆಳಗೆ,

"ತಂಗೀ, ನಮ್ಮೂರಿಗೆ ನೀರು ಬಂದಾವ. ಕರ್ಯಾಕ ಬಂದೀನಿ, ನಡಿ."

ನನಗೆ ಹೆದರಿಕೆಯಾಯಿತು. ನಿಜ ಹೇಳುತ್ತೇನೆ, ತಿರುಗಿ ಬಾಗಿಲು ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಮತ್ತೆ ಪರದೆಗೆ ತಿರುಗುವಷ್ಟರಲ್ಲಿ ಕಿಡಕಿ ಎಂದಿನಂತೆ "ಮುಗೀತು. ಚಹಾ ಕುಡೀರಿ" ಎಂದಿತ್ತು. ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಸಾಹೇಬರು ಏನಾಯಿತು ಎಂದರು. ಊರಿಂದ ಕರೆಯಲು ಬಂದಿದ್ದಾರೆ, ರಜೆ ಬೇಕು ಎಂದೆ.

ವಡಗೇರಾ ಬಸ್ಸಿನಲ್ಲಿ ಒಬ್ಬ ಹೆಂಗಸು ಪಕ್ಕದ ಸೀಟಿಗೆ ಬಂದಾಗ "ಮಂದಿ ಅದಾರ್ರಿ" ಎಂದುಬಿಟ್ಟೆ. ಅವಳು ಗೊಣಗುತ್ತ ಹಿಂದೆ ಹೋದಳು. ಊರ ಹತ್ತಿರ ಇಳಿದಾಗ ಕಾಲುವೆ ದಂಡೆಯವರೆಗೂ ತುಂಬಿ ಹರಿಯುತ್ತಿತ್ತು.

ವೈನಿ ಅಂಗಳ ಸಾರಿಸುತ್ತಿದ್ದಳು. ನನ್ನನ್ನು ಕಂಡು ಸಗಣಿಯ ಕೈಯಲ್ಲೇ ಎದ್ದು ನಿಂತಳು.

"ಯಾರು ಕರ್ಯಾಕ ಬಂದಿದ್ರವ್ವಾ?"

"ಅಣ್ಣ" ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಹಿಂದಿನ ದಾರಿಯನ್ನು ನೋಡಿದಳು. ಕೈ ತೊಳೆದುಕೊಂಡು ಒಳಗೆ ಹೋಗಿ ಎರಡು ಚರಿಗೆ ನೀರು ತಂದಳು. ಒಂದನ್ನು ನನ್ನ ಕೈಗೆ ಕೊಟ್ಟಳು. ಇನ್ನೊಂದನ್ನು ನನ್ನ ಪಕ್ಕದಲ್ಲಿ ನೆಲಕ್ಕಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು, ಹಿಂದಕ್ಕೆ ಸರಿದು ನಿಂತಳು.