ಏಕಾದಶಿಗೆ ನಡೆಯದ ಕ್ಯಾಪ್ಸೂಲ್

ಹೋದ ತಿಂಗಳು ನಮ್ಮ ಅತ್ತೆ ಕಬ್ಬಿಣಾಂಶದ ಕ್ಯಾಪ್ಸೂಲ್ ನುಂಗುವುದನ್ನು ನಿಲ್ಲಿಸಿಬಿಟ್ಟರು.

ಧಾರವಾಡದಿಂದ ನಾಗಪುರಕ್ಕೆ ಮಗಳ ಮನೆಗೆಂದು ಬಂದಾಗಲೇ ಅವರಿಗೆ ರಕ್ತ ಕಡಿಮೆ. ಮನೀಶ್ ನಗರದ ನಮ್ಮ ಮನೆ ಎರಡನೇ ಮಹಡಿಯಲ್ಲಿದೆ. ಹತ್ತುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದರು. ಅಂಥವರಿಗೆ ಕೆಳಗಿನ ಮನೆಯ ಮರಾಠಿ ಕಾಕು, ಕ್ಯಾಪ್ಸೂಲಿನ ಹೊರಗವಚ ಯಾವುದರಿಂದ ತಯಾರಾಗುತ್ತದೆ ಎಂದು ವಿವರಿಸಿದ್ದರು.

"ಎಲುಬು ಕುದಿಸಿ ಮಾಡ್ತಾರಂತ. ನಾ ಒಲ್ಲೆ," ಅಂದರು ಅತ್ತೆ.

ಸುಳ್ಳೆನ್ನಲು ನನಗೆ ಬಾಯಿಲ್ಲ. (ಕವಚಕ್ಕೆ ಬಳಸುವ ಜೆಲಟಿನ್ ಬರುವುದೇ ಹಾಗೆ.) ಅದಕ್ಕೆ ಬದಲಿ ಹುಡುಕುವುದೇ ನನ್ನ ಸಂಬಳದ ಕೆಲಸ. ಗಿಡಗಳ ಸ್ಟಾರ್ಚ್‌ನಿಂದ ಮಣ್ಣಲ್ಲಿ ಕರಗುವ, ತೆಳು ಹಾಳೆಯಂಥ ಫಿಲ್ಮು, ಕ್ಯಾಪ್ಸೂಲು ಮಾಡುವ ಲ್ಯಾಬಿನಲ್ಲಿದ್ದೇನೆ. ನನ್ನ ಕೆಲಸ ಏನೆಂದು ಯಾರೂ ಕೇಳದ ಮನೆಯಲ್ಲಿ ಕೊನೆಗೂ ನನ್ನ ಅಗತ್ಯ ಬಿತ್ತು. ಬಿಡುತ್ತೇನೆಯೆ?

ಅತ್ತೆಯೂ ನಾನೂ ಡಾಕ್ಟರ ಹತ್ತಿರ ಹೋಗಿ ಕೇಳಿದೆವು. ಈ ಔಷಧದ ಪುಡಿಯನ್ನು ಹೊರತೆಗೆದು ಕೊಡಬಹುದು ಎಂದರು. ಆದರೆ ಅದರ ರುಚಿ? ತುಕ್ಕು ಹಿಡಿದ ಗೇಟು ನೆಕ್ಕಿದ ಹಾಗೆ. (ನೆಕ್ಕಿ ನೋಡಿದ್ದೇನೆ. ಪುಡಿಯನ್ನು, ಗೇಟನ್ನಲ್ಲ.) ತೆಳ್ಳನೆಯ ಫಿಲ್ಮಿನಲ್ಲಿ ಸುತ್ತಿಕೊಟ್ಟರೆ ಮುಗಿಯಿತು.

ಲ್ಯಾಬಿನ ಫಿಲ್ಮನ್ನು ಬಾಯಿಗೆ ಹಾಕುವಂತಿಲ್ಲ. ಅಡುಗೆಮನೆಯಲ್ಲೇ ಅಕ್ಕಿಯ ಸ್ಟಾರ್ಚಿಗೆ ನೀರು, ಚೂರು ಗ್ಲಿಸರಿನ್ ಹಾಕಿ ಗಂಜಿ ಕಾಯಿಸಿ, ಸ್ಟೀಲ್ ತಟ್ಟೆಗೆ ಬಳಿದೆ. ಮೇ ತಿಂಗಳ ಬಿಸಿಗೆ ಅದು ಒಡೆದು ಚೂರಾಯಿತು. ಕೂಲರ್ ಮುಂದಿಟ್ಟೆ. ಒದ್ದೆ ಗಾಳಿಗೆ ಅಂಟಂಟಾಗಿ ತಟ್ಟೆಯನ್ನೇ ಬಿಡಲಿಲ್ಲ. ಕೊನೆಗೆ ಕೂಲರ್‌ಗೂ ಕಿಟಕಿಗೂ ನಡುವೆ ಸರಿಯಾದ ಜಾಗ ಸಿಕ್ಕಿತು. ಅದು ನನ್ನ ಹೆಂಡತಿ ಕೂರುವ ಜಾಗ.

"ಇನ್ನ ನಾನೂ ಒಣಗತೀನಿ ಬಿಡ್ರಿ," ಅಂದಳು.

ಇಷ್ಟಕ್ಕೆ ನಾಲ್ಕು ದಿನ ಹಿಡಿಯಿತು; ಅಷ್ಟೂ ದಿನ ಅತ್ತೆಗೆ ಔಷಧವೇ ಇಲ್ಲ. ಮೆಟ್ಟಿಲಲ್ಲಿ ಈಗ ಮೂರು ಸಲ ಕೂರುತ್ತಿದ್ದರು.

ಅಂತೂ ಫಿಲ್ಮು ಸುಲಿದು ಬಂತು. ಅತ್ತೆ ಮೂರು ದಿನ ನುಂಗಿದರು. ಮರುದಿನ ಪೊಟ್ಟಣ ಬಟ್ಟಲಲ್ಲೇ ಇತ್ತು.

"ಅಕ್ಕಿದು ಅಂದಿದ್ರಲ್ಲ? ಇವತ್ತ ಏಕಾದಶಿ."

ಲ್ಯಾಬಿನಲ್ಲಿ ಫಿಲ್ಮನ್ನು ಎಳೆದು, ಮಡಚಿ, ಮಣ್ಣಲ್ಲಿ ಹೂತು ಪರೀಕ್ಷಿಸುತ್ತೇವೆ. ಉಪವಾಸಕ್ಕೆ ನಡೆಯುತ್ತದೆಯೆ ಎಂದು ಇದುವರೆಗೆ ಯಾರೂ ನೋಡಿಲ್ಲ. ರಜೆ ಹಾಕಿ, ಅಂಥ ದಿನಕ್ಕೆ ನಡೆಯುವ ಸಾಬೂದಾಣಿ (ಸಬ್ಬಕ್ಕಿ) ನೆನೆಸಿ, ರುಬ್ಬಿ, ಮತ್ತೆ ಶುರು ಮಾಡಿದೆ. ಸಂಜೆ ಹೊಸ ಫಿಲ್ಮಿನಲ್ಲಿ ಸುತ್ತಿ ಕೊಟ್ಟೆ. ಅತ್ತೆ ನುಂಗಿ, ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಛಲೋ ಆಗೇದ. ಆದ್ರ ಸಿರಪ್ ತಂದಿದ್ರೂ ನಡೀತಿತ್ತು."

"ಯಾವ ಸಿರಪ್?"

"ಇದ ಔಷಧ ಸಿರಪ್‌ನ್ಯಾಗೂ ಸಿಗತದ ಅಂತ ಡಾಕ್ಟರು ಹೇಳಿದ್ರಲ್ರೀ. ನೀವು ಬಾಜೂಕ ಕೂತಿದ್ರಿ. ಹೂಂ ಅಂದ್ರಿ."

ನನಗೆ ನೆನಪೇ ಇಲ್ಲ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನೂ ಅಲ್ಲ. ಆದರೆ ಪುಡಿ ಕೊಡಬಹುದು ಎಂದ ಮಾತು ಮಾತ್ರ ಡಾಕ್ಟರ ದನಿಯ ಸಮೇತ ನೆನಪಿದೆಯಲ್ಲ! ಅದರ ಮುಂದಿನ ವಾಕ್ಯ ಎಲ್ಲಿ ಹೋಯಿತು?

"ಹಾಗಿದ್ದರೆ ನೀವು ಅವತ್ತೇ ಹೇಳಬಾರದಿತ್ತೆ?"

"ನೀವು ಅಷ್ಟು ಹೌಸಿಲೆ, ಖುಷಿಲೆ ಮಾಡಲಿಕತ್ತಿದ್ರಿ. ಬ್ಯಾಡ ಅನ್ನೂದು ಹ್ಯಾಂಗ?"

ಮರುದಿನ ಸಿರಪ್ ತಂದೆ.

ಪರಿಹಾರವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಹೋದವನಿಗೆ ಎದುರಿನವರ ಮಾತು ಪೂರ್ತಿ ಕೇಳಿಸುವುದಾದರೂ ಹೇಗೆ?