ಸಾಹೇಬರ ಹೆಸರಿನ ಫೋಲ್ಡರ್

ನನ್ನ ಅಕ್ಕನ ಎರಡೆಕರೆ ಹೊಲಕ್ಕೆ ಬರಬೇಕಾದ ಕಾಲುವೆ ನೀರು ಒಂದು ಹಂಗಾಮು ಪೂರ್ತಿ ಅವಳ ಮೈದುನನ ಹೊಲಕ್ಕೆ ಹೋಯಿತು. ಕಾಲುವೆ ಒಡೆದಿರಲಿಲ್ಲ, ಗೇಟು ಕೆಟ್ಟಿರಲಿಲ್ಲ, ಯಾರೂ ಕದ್ದು ನೀರು ತಿರುಗಿಸಿರಲಿಲ್ಲ. ನಾನು ಬರೆದ ಒಂದು ಕಂಪ್ಯೂಟರ್ ಪ್ರೋಗ್ರಾಮು ತಪ್ಪು ಜಾಗದಲ್ಲಿದ್ದ ಫೈಲನ್ನು ತೆರೆದು ಓದಿತು, ಅಷ್ಟೇ. ಊರಲ್ಲಿ ಈ ಮಾತನ್ನು ಯಾರಿಗೆ ಹೇಳಿದರೂ ನೆಪ ಹೇಳುತ್ತಿದ್ದಾನೆ ಎಂದುಕೊಳ್ಳುತ್ತಾರೆ. ನೆಪವಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಆಗ ನಾನು ಸುರಪುರದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ನಾನು ಕಲಿತದ್ದು ಯಾದಗಿರಿಯಲ್ಲಿ, ಒಂದೂವರೆ ವರ್ಷ, ಅದೂ ಕರೆಂಟು ಇದ್ದ ದಿನ ಮಾತ್ರ. ಆದರೂ ಸುರಪುರದ ಮಟ್ಟಿಗೆ ನಾನೇ ಪಂಡಿತ. ಕಾಲುವೆ ಬಂದು ಆಗಲೇ ಹಲವು ವರ್ಷಗಳಾಗಿದ್ದವು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳಿಗೆ ಭತ್ತ, ಮೆಣಸಿನಕಾಯಿ ಬಂದಿದ್ದವು. ನೀರಿನ ಹಿಂದೆಯೇ ನೀರಿನ ಜಗಳವೂ ಬಂದಿತ್ತು. ಯಾವ ತೂಬಿನ ಕೆಳಗೆ ಯಾರ ಹೊಲಕ್ಕೆ ಯಾವ ದಿನ ಎಷ್ಟು ತಾಸು ನೀರು ಎಂಬ ಪಾಳಿ ಪಟ್ಟಿಯನ್ನು ಕಾಲುವೆ ಕಚೇರಿಗಳಲ್ಲಿ ಕೈಯಲ್ಲೇ ಬರೆಯುತ್ತಿದ್ದರು. ಶಹಾಪುರದ ಕಡೆಯ ಅಂಥ ಒಂದು ಕಚೇರಿಯ ಹೆಡ್ ಗುಮಾಸ್ತರು ಒಂದು ದಿನ ಏದುಸಿರು ಬಿಡುತ್ತ ನನ್ನ ಮೆಟ್ಟಿಲೇರಿ ಬಂದರು. ಕಚೇರಿ ಯಾವುದೆಂದು ಹೇಳುವುದಿಲ್ಲ. ಈಗ ಅಲ್ಲಿ ಕೂತವರಿಗೆ ಇದರ ಸುದ್ದಿಯೂ ಇರಲಿಕ್ಕಿಲ್ಲ.

“ಬರದು ಬರದು ಬೆರಳ ಸವದಾವ್ರಿ ಮಾಸ್ತರ. ಗುಂಡಿ ಒತ್ತಿದ್ರ ಪಟ್ಟಿ ಹೊರಗ ಬರ್ಬೇಕು, ಹಂಗ ಏನರ ಮಾಡ್ರಿ” ಎಂದರು.

ಮಾಡಿಕೊಟ್ಟೆ. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಪ್ರೋಗ್ರಾಮು ಬೇರೆ, ರೈತರ ಹೆಸರುಗಳಿರುವ ಡೇಟಾಬೇಸ್ ಫೈಲು ಬೇರೆ. ಆ ಫೈಲು ಎಲ್ಲಿದೆ ಎಂದು ಪ್ರೋಗ್ರಾಮಿಗೆ ವಿಳಾಸ ಹೇಳಿಕೊಡಬೇಕು: ಇಂಥ ಡ್ರೈವು, ಅದರೊಳಗೆ ಇಂಥ ಫೋಲ್ಡರು, ಅದರೊಳಗೆ ಇಂಥ ಫೈಲು. ಇದಕ್ಕೆ ಪಾಥ್ ಎನ್ನುತ್ತಾರೆ. ಅದನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೆ ಬರೆಯಬಾರದು. ಹೊರಗೆ ಒಂದು ಪುಟ್ಟ ಸೆಟ್ಟಿಂಗ್ ಫೈಲಿನಲ್ಲಿಟ್ಟರೆ, ಜಾಗ ಬದಲಾದಾಗ ಯಾರು ಬೇಕಾದರೂ ತಿದ್ದಿಕೊಳ್ಳಬಹುದು. ಇದನ್ನು ನಾನೇ ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದೆ. ನನ್ನ ಪ್ರೋಗ್ರಾಮಿನಲ್ಲಿ ಮಾತ್ರ ಹೊಟ್ಟೆಯೊಳಗೇ ಬರೆದೆ. ಮರೆತು ಮಾಡಿದ್ದಲ್ಲ. ಅವರೇ ತಿದ್ದಿಕೊಂಡರೆ ನನ್ನನ್ನು ಯಾರು ಕರೆಯುತ್ತಾರೆ? ಕಚೇರಿಯ ಜೀಪು ಬಟ್ಟೆ ಅಂಗಡಿಯ ಮುಂದೆ ನಿಂತು, ಡ್ರೈವರು ಕೆಳಗಿನಿಂದ “ಮಾಸ್ತರ್ ಅದಾರೇನ್ರಿ” ಎಂದು ಕೂಗುವುದು ನನಗೆ ಬೇಕಾಗಿತ್ತು.

ಜೀಪು ಬರುವುದಕ್ಕೆ ಕಾರಣವೂ ತಪ್ಪದೆ ಸಿಗುತ್ತಿತ್ತು. ಆ ಕಚೇರಿಯಲ್ಲಿ ಒಬ್ಬ ಸಾಹೇಬ ವರ್ಷ ತುಂಬ ನಿಂತರೆ ಹೆಚ್ಚು. ಹೊಸಬರು ಬಂದ ದಿನ ಬಾಗಿಲ ಮೇಲಿನ ಫಲಕ ಬದಲಾಗುತ್ತಿತ್ತು, ಕುರ್ಚಿಯ ಮೇಲಿನ ಟವೆಲ್ಲು ಬದಲಾಗುತ್ತಿತ್ತು, ಆಮೇಲೆ ಹೆಡ್ ಗುಮಾಸ್ತರು ಕಂಪ್ಯೂಟರ್ ಮುಂದೆ ಕೂತು, ಡೇಟಾ ಇದ್ದ ಫೋಲ್ಡರಿಗೆ ಹಳೆಯ ಸಾಹೇಬರ ಹೆಸರು ಅಳಿಸಿ ಹೊಸ ಸಾಹೇಬರ ಹೆಸರು ಇಡುತ್ತಿದ್ದರು. ಯಾಕೆ ಎಂದು ಕೇಳಿದರೆ, “ಹ್ವಾದವ್ರ ಹೆಸರು ಕಣ್ಣಿಗಿ ಬಿದ್ರ ಬಂದವ್ರಿಗಿ ಸಿಟ್ಟ ಬರ್ತದ್ರಿ” ಎನ್ನುತ್ತಿದ್ದರು. ಅಲ್ಲಿಗೆ ನಾನು ಬರೆದ ವಿಳಾಸ ಸುಳ್ಳಾಗುತ್ತಿತ್ತು. ಪ್ರೋಗ್ರಾಮು ಫೈಲು ಸಿಗಲಿಲ್ಲವೆಂದು ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಒಂದು ಡಬ್ಬಿ ತೋರಿಸಿ ನಿಂತುಬಿಡುತ್ತಿತ್ತು. ನಾನು ಜೀಪಿನಲ್ಲಿ ಹೋಗಿ, ಒಂದು ಹೆಸರು ಬದಲಿಸಿ, ದೊಡ್ಡ ಕೆಲಸ ಮಾಡಿದವನಂತೆ ಮುಖ ಒರೆಸಿಕೊಂಡು ಚಹಾ ಕುಡಿದು ಬರುತ್ತಿದ್ದೆ.

ಒಂದು ಸಲ ಮೇಲಿನ ಅಧಿಕಾರಿಗಳು ಬಂದಿದ್ದರು. ಹೊಸದಾಗಿ ಬಂದಿದ್ದ ಸಾಹೇಬರು ಅವರ ಮುಂದೆ ಜಂಬದಿಂದ ಗುಂಡಿ ಒತ್ತಿದರು. ಡಬ್ಬಿ ಬಂತು. ಅಧಿಕಾರಿಗಳು ನಕ್ಕು ಜೀಪು ಹತ್ತಿದರಂತೆ. ಅವತ್ತು ನನ್ನನ್ನು ಕರೆಸಿ, ಜವಾನರು, ಪಟ್ಟಿ ಕೇಳಲು ಬಂದ ರೈತರು, ಎಲ್ಲರೂ ನಿಂತಿರುವಾಗ ಸಾಹೇಬರು ಬೈದರು. “ನಿನ್ನ ಕಂಪ್ಯೂಟರ್ ನನ್ನ ಮಾನ ತಗೀತು. ಈ ಡಬ್ಬಿ ಇನ್ನೊಮ್ಮಿ ನನ್ನ ಕಣ್ಣಿಗಿ ಬೀಳಬಾರ್ದು” ಎಂದರು. ನನ್ನ ಕಿವಿ ಕಾದವು. ನನ್ನ ವಿದ್ಯಾರ್ಥಿಯೊಬ್ಬನ ತಂದೆಯೂ ಆ ರೈತರಲ್ಲಿ ನಿಂತಿದ್ದ. ಅಲ್ಲೇ ಕಂಪ್ಯೂಟರ್ ಮುಂದೆ ಕೂತು, ಅದೇ ಸಿಟ್ಟಿನಲ್ಲಿ, ವಿಳಾಸದಲ್ಲಿ ಆ ಸಾಹೇಬರ ಹೆಸರು ಹಾಕಿ, ಜೊತೆಗೆ ಎರಡು ಸಾಲು ಸೇರಿಸಿದೆ: ಹೇಳಿದ ಜಾಗದಲ್ಲಿ ಫೈಲು ಸಿಗದಿದ್ದರೆ ಏನೂ ಹೇಳಬೇಡ, ನಿನ್ನ ಪಕ್ಕದಲ್ಲೇ ಇರುವ ಪ್ರತಿಯನ್ನು ತೆರೆ. ಆ ಪ್ರತಿ, ಮೊದಲ ವರ್ಷ ಪ್ರೋಗ್ರಾಮು ಹಾಕಿಕೊಟ್ಟಾಗ ನಾನು ಅಲ್ಲೇ ಬಿಟ್ಟಿದ್ದ ಹಳೆಯ ಫೈಲು. ಹಳೆಯ ಹೆಸರುಗಳು. ತೆಗೆಯಬೇಕಾದದ್ದು ಹೊಟ್ಟೆಯೊಳಗಿನ ವಿಳಾಸವನ್ನು. ಅದನ್ನು ಬಿಟ್ಟು ಪ್ರೋಗ್ರಾಮಿನ ಬಾಯಿ ಮುಚ್ಚಿಸಿದೆ.

ಮರುವರ್ಷ ಭಾವ ತೀರಿಕೊಂಡ. ಅಕ್ಕನಿಗೆ ಮಕ್ಕಳಿರಲಿಲ್ಲ. ಕೆಂಭಾವಿಯ ಆಚೆ, ಕಾಲುವೆಯ ಕೊಟ್ಟಕೊನೆಯ ತೂಬಿನ ಕೆಳಗೆ ಭಾವನ ಹೆಸರಿನ ಎರಡೆಕರೆ ಇತ್ತು. ಪಕ್ಕದ ಹೊಲ ಮೈದುನನದು. ಅವನು ಹದಿಮೂರನೆಯ ದಿನವೇ, “ಹೆಣ್ಮಗಳು ನೀರ ಕಟ್ಟಾಕ ಬರ್ತಾಳೇನು, ಹೊಲ ನಾ ನೋಡ್ಕೊಂತೀನಿ” ಎಂದಿದ್ದ. ಅಕ್ಕ ಒಪ್ಪಲಿಲ್ಲ. ಬಸ್ಸಿನಲ್ಲಿ ತಾಲೂಕು ಕಚೇರಿಗೆ ಅಲೆದು ಅಲೆದು ಖಾತೆ ತನ್ನ ಹೆಸರಿಗೆ ಮಾಡಿಸಿಕೊಂಡಳು. ಓದು ಬರಹ ಬಾರದ ಹೆಂಗಸು, ಯಾರ ಕೈಕಾಲೂ ಹಿಡಿಯಲಿಲ್ಲ. ಉಳಿದದ್ದು ನೀರಿನ ಪಾಳಿ ಒಂದೇ. ಅದು ಅವಳ ಹೆಸರಿಗೆ ಬಂದರೆ ಹೊಲ ಉಳಿದಂತೆ, ಇಲ್ಲದಿದ್ದರೆ ಇಲ್ಲ. ನೀರಿಲ್ಲದ ಹೊಲವನ್ನು ಮೈದುನನ ಎದುರು ಎಷ್ಟು ದಿನ ಹಿಡಿದುಕೊಂಡಾಳು?

ಖಾತೆಯ ಕಾಗದ ತಂದು ನನ್ನ ಮೇಜಿನ ಮೇಲಿಟ್ಟಳು. “ಇದೊಂದು ನಿನ್ನ ಕೈಯಾಗ ಅದಲ್ಲ” ಎಂದಳು. ಅವಳು ನನ್ನಿಂದ ಏನಾದರೂ ಕೇಳಿದ್ದು ಅದೇ ಮೊದಲು.

ಮರುದಿನವೇ ಕಚೇರಿಗೆ ಹೋದೆ. ಭಾವನ ಹೆಸರು ಅಳಿಸಿ ಅಕ್ಕನ ಹೆಸರನ್ನು ನಾನೇ ಟೈಪು ಮಾಡಿದೆ. ಎರಡು ಸಲ ಓದಿ ನೋಡಿದೆ. ಊರಿಗೆ ಹೋಗಿ, “ಆತು ನೋಡು, ಇನ್ನ ಯಾರೂ ನಿನಗ ಏನೂ ಮಾಡಂಗಿಲ್ಲ” ಎಂದು ಹೇಳಿದೆ. ಅವತ್ತು ಹೋಳಿಗೆ ಮಾಡಿದ್ದಳು. ತಿಂದು ಬಂದೆ.

ಅದಾಗಿ ಒಂದು ತಿಂಗಳಿಗೆ ಸಾಹೇಬರ ವರ್ಗವಾಯಿತು. ಹೆಡ್ ಗುಮಾಸ್ತರು ಎಂದಿನಂತೆ ಫೋಲ್ಡರಿಗೆ ಹೊಸ ಹೆಸರಿಟ್ಟರು. ಈ ಸಲ ಡಬ್ಬಿ ಬರಲಿಲ್ಲ, ಹಾಗಾಗಿ ಜೀಪೂ ಬರಲಿಲ್ಲ. ಪ್ರೋಗ್ರಾಮು ನಾನು ಹೇಳಿಕೊಟ್ಟಂತೆ ತೆಪ್ಪಗೆ ಹಳೆಯ ಪ್ರತಿಯನ್ನು ತೆರೆದು, ಹಿಂಗಾರಿನ ಪಾಳಿ ಪಟ್ಟಿಯನ್ನು ನೀಟಾಗಿ ಮುದ್ರಿಸಿಕೊಟ್ಟಿತು. ಹೊಸ ಸಾಹೇಬರು ಪ್ರತಿ ಹಾಳೆಗೂ ಸಹಿ ಹಾಕಿದರು. ಯಾರೂ ಓದಲಿಲ್ಲ.

ಅಕ್ಕನ ಮೊದಲ ಪಾಳಿಯ ದಿನ ನಾನು ಕ್ಲಾಸಿಗೆ ರಜೆ ಕೊಟ್ಟು ಅವಳ ಹೊಲಕ್ಕೆ ಹೋಗಿದ್ದೆ. ಶೇಂಗಾ ಹೂ ಬಿಟ್ಟಿತ್ತು. ನಾರಾಯಣಪುರದ ಅಣೆಕಟ್ಟೆಯಿಂದ ಬಿಟ್ಟ ನೀರು ಕೊನೆಯ ತೂಬಿಗೆ ಅಂತೂ ಮುಟ್ಟಿತ್ತು. ಗೇಟು ತೆರೆಯುವ ಲಸ್ಕರ್ ಜೇಬಿನಿಂದ ಪಟ್ಟಿ ತೆಗೆದು ಭಾವನ ಹೆಸರು ಓದಿದ.

“ಇವ್ರನ್ನ ಕರೀರಿ” ಎಂದ.

“ಅವರು ನನ್ನ ಗಂಡ. ತೀರ್ಕೊಂಡಾರ. ಪಾಳಿ ನನ್ನ ಹೆಸರಿಗಿ ಆಗ್ಯಾದ” ಎಂದಳು ಅಕ್ಕ.

“ಇದರಾಗ ನಿಮ್ಮ ಹೆಸರಿಲ್ರಿ ಅಮ್ಮ.”

ಸಲಿಕೆ ಹಿಡಿದು ನಿಂತಿದ್ದ ಮೈದುನ ಮುಂದೆ ಬಂದ. “ಅಣ್ಣನ ಪಾಳಿ ತಮ್ಮಗ ಬರ್ತದ. ಪಟ್ಟಿ ಏನ ಹೇಳ್ತದೋ ಹಂಗ ಮಾಡಪ್ಪ” ಎಂದ.

ಪಟ್ಟಿ ತಪ್ಪಿದೆ, ಅದನ್ನು ಮಾಡಿದವನು ನಾನೇ ಎಂದು ಲಸ್ಕರನಿಗೆ ಹೇಳಿದೆ. ಅವನು ಕೆಟ್ಟವನಲ್ಲ. ಹಾಳೆಯ ಕೆಳಗಿನ ಸಹಿ ತೋರಿಸಿ, “ದಸ್ಕತ್ ಅದ್ರಿ ಮಾಸ್ತರ, ನಾ ಏನ ಮಾಡ್ಲಿ” ಎಂದ. ಮೈದುನ ಒಡ್ಡು ಕಡಿದು ನೀರನ್ನು ತನ್ನ ಹೊಲಕ್ಕೆ ತಿರುಗಿಸಿಕೊಂಡ. ಅಕ್ಕ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಕಚೇರಿಯಲ್ಲಿ ಕಾರಣ ಕಂಡುಹಿಡಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಕ್ಕನೊಬ್ಬಳದೇ ಅಲ್ಲ, ಮೊದಲ ವರ್ಷದ ನಂತರ ತಿದ್ದಿದ್ದ ಯಾವ ಹೆಸರೂ ಪಟ್ಟಿಯಲ್ಲಿರಲಿಲ್ಲ. ಹೊಸ ಸಾಹೇಬರಿಗೆ ಹೇಳಿದೆ. ಅವರು ಬೈಯಲಿಲ್ಲ, ಸಮಾಧಾನದಿಂದಲೇ ಮಾತಾಡಿದರು. “ನಿನ್ನ ಪ್ರೋಗ್ರಾಮ್ ತಪ್ಪು ಅಂತ ನೀನು ಬರದು ಕೊಡು, ಪಟ್ಟಿ ರದ್ದು ಮಾಡ್ತೀನಿ. ಇಲ್ಲಂದ್ರ ಸಹಿ ಆದದ್ದು ಮುಂದಿನ ಹಂಗಾಮಿನ ತನಕ ಹಂಗೇ ಇರ್ತದ” ಎಂದರು.

ಹಾಳೆ ತೆಗೆದುಕೊಂಡು ವರಾಂಡಕ್ಕೆ ಬಂದೆ. ಹೆಡ್ ಗುಮಾಸ್ತರು ಹಿಂದೆಯೇ ಬಂದು, ನನ್ನ ಹಿತಕ್ಕೇ ಎಂಬಂತೆ, “ಬರದ್ ಕೊಟ್ರ ನಿಮ್ಮ ಹೆಸರು ಕೆಡ್ತದ್ರಿ ಮಾಸ್ತರ. ಬ್ಯಾರೆ ಕಚೇರಿಯವ್ರು ಯಾರೂ ಕರ್ಯಂಗಿಲ್ಲ” ಎಂದರು. ಆಗಷ್ಟೇ ಇನ್ನೆರಡು ಕಚೇರಿಗಳಿಂದ ನನಗೆ ಕರೆ ಬಂದಿತ್ತು. ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಹೋಗುವ ಮೊದಲು ವಿಳಾಸವನ್ನು ಹೊರಗಿನ ಸೆಟ್ಟಿಂಗ್ ಫೈಲಿಗೆ ಹಾಕಿದ್ದೆ, ಹಳೆಯ ಪ್ರತಿಯನ್ನು ಅಳಿಸಿದ್ದೆ. ಇಷ್ಟು ವರ್ಷ ಮಾಡದೆ ಬಿಟ್ಟ ಕೆಲಸ ಹತ್ತು ನಿಮಿಷದಲ್ಲಿ ಮುಗಿದಿತ್ತು.

ಶೇಂಗಾ ಕಾಯಿ ಕಟ್ಟಲಿಲ್ಲ. ಬೇಸಗೆ ಹೊತ್ತಿಗೆ ಅಕ್ಕ ಹೊಲವನ್ನು ಮೈದುನನಿಗೇ ಪಾಲಿಗೆ ಕೊಟ್ಟಳು, ಅವನು ಹೇಳಿದ ಷರತ್ತಿಗೆ, ಐದು ವರ್ಷಕ್ಕೆ. ಮುಂಗಾರಿನ ಹೊಸ ಪಟ್ಟಿಯಲ್ಲಿ ಅವಳ ಹೆಸರು ಸರಿಯಾಗಿ ಬಂದಿತ್ತು. ಅದನ್ನು ಹಿಡಿದುಕೊಂಡು ಹೋದಾಗ ಅವಳು ಅದೇ ಎರಡೆಕರೆಯಲ್ಲಿ, ಮೈದುನ ಕೊಡುವ ಕೂಲಿಗೆ, ನಾಲ್ಕು ಹೆಂಗಸರ ಜೊತೆ ಕುರ್ಪಿ ಹಿಡಿದು ಕಳೆ ತೆಗೆಯುತ್ತಿದ್ದಳು. ಬದುವಿನ ಮೇಲೆ ಬಂದು ಕೂತಳು. ಫೋಲ್ಡರಿನ ಹೆಸರು, ಹಳೆಯ ಪ್ರತಿ, ಬಾಯಿ ಮುಚ್ಚಿಸಿದ ಆ ಎರಡು ಸಾಲು, ಎಲ್ಲವನ್ನೂ ತಿಳಿಯುವ ಹಾಗೆ ಹೇಳಿದೆ. ವರಾಂಡದ ವಿಷಯ ಮಾತ್ರ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಅವಳು ಪಟ್ಟಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಪೂರ್ತಿ ಕೇಳಿಸಿಕೊಂಡಳು.

“ಫೈಲ್ ಸಿಗವಲ್ದು ಅಂತ ಅದು ಬಾಯಿಬಿಟ್ಟು ಹೇಳಿದ್ರ ಏನಾಗ್ತಿತ್ತು?” ಎಂದು ಕೇಳಿದಳು.

“ಸಾಹೇಬ ಬೈತಿದ್ದ” ಎಂದೆ.

“ಎಷ್ಟೊತ್ತು ಬೈತಿದ್ದ?”

“ಐದು ನಿಮಿಷ.”

ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ಕುರ್ಪಿ ತೆಗೆದುಕೊಂಡು, ಬಿಟ್ಟು ಬಂದ ಸಾಲಿಗೆ ಹೋಗಿ ಕೂತಳು.