ಕಲಿಸದೆ ಒತ್ತಿಸಿಕೊಂಡ ಹೆಬ್ಬೆಟ್ಟು

ಗಂಗವ್ವ, ನಿನ್ನ ಬಲಗೈ ಹೋದದ್ದು ನಿನ್ನ ತಪ್ಪಿನಿಂದಲ್ಲ — ನನ್ನಿಂದ. ಯಂತ್ರ ನಿಲ್ಲಿಸುವುದನ್ನು ನಿನಗೆ ನಾನು ಕಲಿಸಲೇ ಇಲ್ಲ. ಕಲಿಸಿದ್ದೇನೆಂದು ಸುಳ್ಳು ಕಾಗದ ಮಾಡಿದೆ. ನಿನಗೆ ಓದಲು ಬಾರದು, ಗೊತ್ತು. ಎದುರಿಗೆ ಬಂದರೆ ಬಾಯಿ ಕಟ್ಟೀತೆಂದು ಬರೆದುಕೊಳ್ಳುತ್ತಿದ್ದೇನೆ.

ಐವತ್ತರ ದಶಕ. ಗಜೇಂದ್ರಗಡದ ನಮ್ಮ ಹತ್ತಿ ಗಿರಣಿಗೆ ಹೊಸ ಯಂತ್ರಗಳು ಬಂದಿದ್ದವು. ಹುಬ್ಬಳ್ಳಿಗೆ ಹೋಗಿ ಮೂರು ತಿಂಗಳು ಕಲಿತು ಬಂದವನು ನಾನೊಬ್ಬನೇ. ಹತ್ತಿ ಸಿಕ್ಕಿಕೊಂಡರೆ ಕೈ ಹಾಕಬಾರದು, ಮೊದಲು ಪಕ್ಕದ ಹಿಡಿಕೆ ಎಳೆದು, ಯಂತ್ರ ತಿರುಗಿಸುವ ಪಟ್ಟಾ ಸರಿಸಿ ನಿಲ್ಲಿಸಬೇಕು — ಇಷ್ಟೇ. ಒಂದು ಮುಂಜಾನೆಯ ಪಾಠ.

"ಎಲ್ಲಾರಿಗೂ ಕಲಸ್ರಿ ಮಿಸ್ತ್ರಿ," ಅಂದರು ಮಾಲೀಕರು. ಅಂದೇ ಹೆದರಿಕೆ ಹೊಕ್ಕಿತು. ಎಲ್ಲರೂ ಕಲಿತ ಮೇಲೆ ನಾನ್ಯಾಕೆ ಬೇಕು? ನರಗುಂದದಲ್ಲಿ ನನ್ನಣ್ಣ ಕೈಕೆಳಗಿನವರಿಗೆಲ್ಲ ಕೆಲಸ ಕಲಿಸಿ, ಕಡೆಗೆ ತಾನೇ ಕೆಲಸ ಕಳೆದುಕೊಂಡು ಮನೆಗೆ ಬಂದಿದ್ದ. ಅದೇ ಕಣ್ಣ ಮುಂದೆ — ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಕಲಿಸಲು ಮಹಾನವಮಿಯ ಖಂಡೆಪೂಜೆಯ ದಿನ ಗೊತ್ತಾಯಿತು. ಅಂದು ಗಿರಣಿ ನಿಂತಿರುತ್ತದಲ್ಲ. ನಾನು ಬೇಕೆಂದೇ ಪೂಜೆಯನ್ನು ಮೊದಲು ಮಾಡಿಸಿದೆ. ವಿಭೂತಿ, ಕುಂಕುಮ, ಚೆಂಡುಹೂವು ಏರಿದ ಮೇಲೆ ಯಾರು ಯಂತ್ರ ಮುಟ್ಟುತ್ತಾರೆ?

"ಪೂಜಿ ಆದಮ್ಯಾಲೆ ಇವತ್ತ ಮುಟ್ಟಬಾರದು. ನಾಳಿ ತೋರಸ್ತೇನಿ. ಈಗ ಹೆಬ್ಬೆಟ್ಟು ಒತ್ರಿ."

'ಕಲಿತಿದ್ದೇವೆ' ಎಂಬ ಕಾಗದಕ್ಕೆ ಎಲ್ಲರೂ ಒತ್ತಿದಿರಿ. ಮರುದಿನ ನಾನು ಕಲಿಸಲಿಲ್ಲ. ಅದರ ಮರುದಿನವೂ ಇಲ್ಲ.

ದೀಪಾವಳಿ ಮುಗಿದ ವಾರ ನಿನ್ನ ಯಂತ್ರದಲ್ಲಿ ಹತ್ತಿ ಸಿಕ್ಕಿಕೊಂಡಿತು. ನೀನು ಕೈ ಹಾಕಿದೆ. ಆ ಕೂಗು... ಓಡಿ ಬಂದು ಹಿಡಿಕೆ ಎಳೆದೆ. ಯಂತ್ರ ಆ ಕ್ಷಣವೇ ನಿಂತಿತು. ಅಷ್ಟು ಸುಲಭವಿತ್ತು, ಗಂಗವ್ವ.

ವಿಚಾರಣೆಗೆ ಸರಕಾರದ ಸಾಹೇಬರು ದವಾಖಾನೆಗೇ ಬಂದರು. ನಾನು ಆ ಕಾಗದ ತೋರಿಸಿದೆ. ಜೊತೆಗಿದ್ದ ಆಳುಗಳು ನೆಲ ನೋಡುತ್ತಾ ನಿಂತರು. ಅವರಿಗೂ ಕೆಲಸದ ಭಯ. ಈಗ ನೀನು ಬಾಯಿ ಬಿಟ್ಟರೆ ಮುಗಿಯಿತು ಎಂದುಕೊಂಡೆ. ನೀನು ಬಾಯಿ ಬಿಟ್ಟೆ.

"ಮಿಸ್ತ್ರಿ ಅವ್ರದೇನೂ ತಪ್ಪಿಲ್ರಿ. ಪೂಜಿ ಮರುದಿನ ನಾ ಸೂಡಿಗೆ, ತವರಮನಿಗೆ ಹೋಗಿದ್ದೆ. ಅವತ್ತ ಎಲ್ಲಾರಿಗೂ ಕಲಿಸಿರಬೇಕು. ನಾನ ತಪ್ಪಿಸ್ಕೊಂಡೆ."

ನನಗೆ ಸಮಾಧಾನವಾಯಿತು. ಹೇಳಲು ನಾಚಿಕೆಯಾಗುತ್ತದೆ — ಆದರೆ ಆದದ್ದು ಸಮಾಧಾನವೇ. 'ಆಳಿನ ನಿರ್ಲಕ್ಷ್ಯ' ಎಂದು ಬರೆದುಕೊಂಡು ಸಾಹೇಬರು ಹೋದರು. ನಿನ್ನನ್ನು ಕೆಲಸದಿಂದ ತೆಗೆದರು. ನಾನು ಮುಂದೆಯೂ ಅಲ್ಲೇ ಮಿಸ್ತ್ರಿಯಾಗಿದ್ದೆ.

ಹೆದರಿಕೆ ಮಾತ್ರ ಹೋಗಲಿಲ್ಲ. ಆ ಆಳುಗಳಲ್ಲಿ ಯಾರಾದರೂ ಗಿರಣಿಯ ಹೊರಗೆ ಎದುರಾದರೆ ಓಣಿ ಬದಲಿಸುತ್ತಿದ್ದೆ. ಹೋದ ವರ್ಷ, ಈಗ ನೀನಿರುವ ಜಕ್ಕಲಿಯವರೆಗೂ ಬಂದಿದ್ದೆ. ನೀನು ಕಟ್ಟೆಯ ಮೇಲೆ ಕುಳಿತು ಮೊಮ್ಮಗಳಿಗೆ ಹೇಳುತ್ತಿದ್ದೆ: "ದಿನಾ ಸಾಲಿಗೆ ಹೋಗವ್ವಾ. ನಾ ಒಂದ ದಿನ ತಪ್ಪಿಸ್ಕೊಂಡಿದ್ದಕ್ಕ ಕೈ ಕಳಕೊಂಡೆ." ಗೋಡೆಯ ಮರೆಯಲ್ಲಿ ನಿಂತು ಕೇಳಿ, ಬಂದ ಬಸ್ಸಿಗೇ ಹಿಂದಿರುಗಿದೆ.

ನಾಳೆ ಮತ್ತೆ ಬರುತ್ತೇನೆ. ಆ ಮಗುವಿನ ಎದುರಿಗೇ ಇದನ್ನು ಓದುತ್ತೇನೆ. ನೀನು ಬೈದರೆ ನಿಂತು ಕೇಳುತ್ತೇನೆ. 'ಹೋಗ್ಲಿ ಬಿಡ್ರಿ' ಅಂದುಬಿಟ್ಟೀಯೆಂದೇ ನನಗೆ ಭಯ. ನೀನು ಏನನ್ನೂ ತಪ್ಪಿಸಿಕೊಂಡಿರಲಿಲ್ಲ, ಗಂಗವ್ವ. ಆ ದಿನ ಅಲ್ಲಿ ಯಾರೂ ಏನನ್ನೂ ಕಲಿಸಲಿಲ್ಲ.